ಹೋಗಿ ಬಂದ ಬಳುವಳಿ

ದುಮ್ಯಾತಿನ ಬೀದಿಗಳಲ್ಲಿ ಮನುಷ್ಯರಿಗಿಂತ ಮೊದಲು ಕುರ್ಚಿಗಳು ಎದ್ದು ಓಡಾಡುತ್ತವೆ. ಬೆಳಗಿನ ಬಾಂಗಿನ ಹಿಂದೆಯೇ, ಕೈಗಾಡಿಯ ಮೇಲೆ, ಆಳುಗಳ ತಲೆಯ ಮೇಲೆ, ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿಕೊಂಡು ಕೆತ್ತುವವನ ಅಂಗಡಿಯಿಂದ ಬಣ್ಣದವನ ಅಂಗಡಿಗೆ, ಅಲ್ಲಿಂದ ಮೆತ್ತೆ ಕೂರಿಸುವವನ ಅಂಗಡಿಗೆ ಹೊರಡುತ್ತವೆ. ತಿರುಗಿ ತಿರುಗಿ ಕಡೆಗೆ ಯಾರದೋ ಮದುವೆಮನೆ ಸೇರುತ್ತವೆ. ಈಜಿಪ್ಟಿನ ಯಾವ ಮೂಲೆಯಲ್ಲಿ ಮದುಮಗಳು ಕೂತರೂ ಅವಳ ಬೆನ್ನಿಗೆ ಆಸರೆ ದುಮ್ಯಾತಿನ ಮರವೇ ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಅಂಥ ಊರಲ್ಲಿ ಹುಟ್ಟಿ, ಕಂಡವರ ಮದುವೆ ಕುರ್ಚಿಗೆಲ್ಲ ಬಟ್ಟೆ ಹೊಲಿದು, ತನ್ನದೊಂದು ಕುರ್ಚಿಗೆ ಕಾದು ಕಾದು ಸುಸ್ತಾದವಳು ನಶ್ವಾ. ಅವಳ ಕತೆ ಹೇಳುತ್ತೇನೆ, ಕೂತುಕೊಳ್ಳಿ. ಅವಳಿಗೆ ಸಿಗದ ಕುರ್ಚಿ ನಿಮಗಾದರೂ ಸಿಗಲಿ.

ನಶ್ವಾಳ ಅಪ್ಪ ಶಹಾತಾ ಮೆತ್ತೆ ಕೂರಿಸುವವನು. ಕೆಳಗೆ ಅಂಗಡಿ, ಮೇಲೆ ಮನೆ. ಅಪ್ಪ ಬಾಯ್ತುಂಬ ಸಣ್ಣ ಮೊಳೆ ತುಂಬಿಕೊಂಡು ಒಂದೊಂದನ್ನೇ ತುಟಿಯಿಂದ ತೆಗೆದು ಕುರ್ಚಿಗೆ ಹೊಡೆಯುತ್ತಿದ್ದರೆ, ಮಗಳು ಮೂಲೆಯಲ್ಲಿ ಮಿಶನ್ನಿನ ಮುಂದೆ ಕೂತು ಹೂಬಳ್ಳಿಯ ದಪ್ಪ ಬಟ್ಟೆ ಹೊಲಿಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅದೇ ಮೂಲೆ, ಅದೇ ಮಿಶನ್ನು. ಬಂದ ಎರಡು ಮೂರು ಸಂಬಂಧಗಳಲ್ಲಿ ಒಬ್ಬನಿಗೆ ಅವಳು ಮಾತು ಜಾಸ್ತಿ, ಇನ್ನೊಬ್ಬನಿಗೆ ಮಾತೇ ಕಮ್ಮಿ.

ಪಕ್ಕದ ಓಣಿಯಲ್ಲಿ ಮಗ್ದಿ ಅಂತ ಒಬ್ಬ ಮರ ಕೆತ್ತುವವನು. ಅವನ ತಮ್ಮ ಹೈಸಮ್ ಮೀಸೆ ಚಿಗುರುವ ಹೊತ್ತಿಗೇ ಅಮೆರಿಕದ ನ್ಯೂಜೆರ್ಸಿಗೆ ಹೋಗಿ, ಅದೂ ಇದೂ ಮಾಡಿ, ಕಡೆಗೆ ಕೈ ಹಳೇ ಕಸುಬನ್ನೇ ಹುಡುಕಿಕೊಂಡು ಹಳೇ ಕುರ್ಚಿ ರಿಪೇರಿಯ ಅಂಗಡಿ ಸೇರಿದ್ದ. ಅವನಿಗೆ ಕೆತ್ತನೆ ಗೊತ್ತು, ಮೆತ್ತೆ ಗೊತ್ತಿಲ್ಲ. ಒಂದು ದಿನ ಶಹಾತಾನಿಗೆ ವಿಡಿಯೋ ಫೋನ್ ಮಾಡಿದ.

"ಮಾಮ, ಈ ಮೂಲೆ ಮಡಿಸೋದು ಹೇಗೆ ಅಂತ ಒಂದ್ಸಲ ತೋರಿಸ್ತೀರಾ?"

ಶಹಾತಾ ಫೋನು ಹಿಡಿದರೆ ಬಟ್ಟೆ ಎಳೆಯುವಂತಿಲ್ಲ, ಬಟ್ಟೆ ಎಳೆದರೆ ಮಾತಾಡುವಂತಿಲ್ಲ. ಬಾಯಲ್ಲಿ ಮೊಳೆ. ಹಾಗಾಗಿ ಫೋನನ್ನು ಮರದ ಹಲಗೆಗೆ ಒರಗಿಸಿ ಮಡಿಸಿ ತೋರಿಸುವ ಕೆಲಸ ನಶ್ವಾಳ ಪಾಲಿಗೆ ಬಂತು. ಹೈಸಮ್‌ಗೆ ಕಾಣುತ್ತಿದ್ದದ್ದು ಅವಳ ಹತ್ತು ಬೆರಳು ಮಾತ್ರ. ಕೇಳುತ್ತಿದ್ದದ್ದು ದನಿ. ಒಂದು ಕುರ್ಚಿ ಆಯಿತು, ಇನ್ನೊಂದಾಯಿತು. ಆಮೇಲೆ ನ್ಯೂಜೆರ್ಸಿಯ ಕುರ್ಚಿಗಳಿಗೆಲ್ಲ ಒಮ್ಮೆಗೇ ಕಾಯಿಲೆ ಬಂದ ಹಾಗೆ ದಿನಾ ಫೋನು.

ಒಂದು ದಿನ ಶಹಾತಾ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿ ಕೇಳಿದ. "ಏನಪ್ಪಾ ಹೈಸಮ್, ಆ ದೇಶದಲ್ಲಿ ಕುರ್ಚಿಗೆ ಎಷ್ಟು ಮೂಲೆ? ನಮ್ಮಲ್ಲಿ ನಾಲ್ಕೇ."

ಮಾರನೆಯ ವಾರ ಮಗ್ದಿ ಹೆಂಡತಿಯನ್ನು ಕರೆದುಕೊಂಡು, ಮಿಠಾಯಿ ಪೊಟ್ಟಣ ಹಿಡಿದು, ಹೆಣ್ಣು ಕೇಳಲು ಬಂದ.

ಹೈಸಮ್ ಆಗ ಬರುವ ಹಾಗಿರಲಿಲ್ಲ. ಅವನ ಕಾಗದಪತ್ರ ಅಲ್ಲಿಯ ಸರ್ಕಾರದ ಮುಂದಿತ್ತು. ಹೊರಗೆ ಕಾಲಿಟ್ಟರೆ ಒಳಗೆ ಬಿಡುವರೋ ಇಲ್ಲವೋ. ಇತ್ತ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾದ ಸಾಲು ಊರುದ್ದ. "ಮೊದಲು ನಿಕಾಹ್ ಮಾಡಿ ಸಾಲಲ್ಲಿ ಚಪ್ಪಲಿ ಇಟ್ಟುಬಿಡೋಣ. ಆಮೇಲೆ ನಾನು ಬಂದು ದಿಬ್ಬಣ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ" ಅಂದ. ಶಹಾತಾ ಯೋಚಿಸಿ ಒಪ್ಪಿದ. ಅವನ ಹೆಂಡತಿ ನಬವಿಯಾ ಯೋಚಿಸದೆ ಒಪ್ಪಿದಳು. ಮಗಳನ್ನು ಒಬ್ಬರೂ ಕೇಳಲಿಲ್ಲ ಅಂದುಕೊಳ್ಳಬೇಡಿ. ಕೇಳಿದರು. ಅವಳು ಮಿಶನ್ನು ನಿಲ್ಲಿಸದೆ, "ಮೂಲೆ ಮಡಿಸೋದು ಕಲಿತಿದ್ದಾನೆ, ಉಳಿದದ್ದೂ ಕಲೀತಾನೆ" ಅಂದಳು.

ನಿಕಾಹ್ ದಿನ ಅಂಗಡಿಯ ಮೇಲಿನ ಮನೆಯಲ್ಲಿ ಕಾಜಿ ಬಂದು ಕೂತ. ಮದುಮಗನ ಜಾಗದಲ್ಲಿ ಅವನ ಪರವಾಗಿ ಅಣ್ಣ ಮಗ್ದಿ. ಮಗ್ದಿಯ ಕೈ, ಶಹಾತಾನ ಕೈ ಒಂದನ್ನೊಂದು ಹಿಡಿದವು. ಕಾಜಿ ಆ ಕೈಗಳ ಮೇಲೆ ಬಿಳೀ ಕರವಸ್ತ್ರ ಹೊದಿಸಿದ. ಫೋನು ಜಿಲೇಬಿಯಂಥ ಮಿಠಾಯಿಯ ಡಬ್ಬಿಗೆ ಒರಗಿ ನಿಂತಿತ್ತು. ಅದರೊಳಗೆ ಹೈಸಮ್, ಸೂಟು ಹಾಕಿ, ಟೈ ಕಟ್ಟಿ, ಹಿಂದೆ ಯಾರದೋ ಅಡುಗೆಮನೆ. ಕಾಜಿ "ಒಪ್ಪಿದ್ದೀಯಾ?" ಅನ್ನುವಷ್ಟರಲ್ಲಿ ಡಬ್ಬಿಯ ಕಡೆಯಿಂದ "ಒಪ್ಪಿದೆ, ಒಪ್ಪಿದೆ" ಅಂತ ಕೂಗು ಬಂತು.

ಕಾಜಿ ಕನ್ನಡಕದ ಮೇಲಿಂದ ನೋಡಿದ. "ನಿನ್ನನ್ನ ಯಾರಪ್ಪ ಕೇಳಿದ್ದು? ಸುಮ್ನಿರು. ಇವತ್ತು ನಿನ್ನ ಬಾಯಿ ಇಲ್ಲಿದೆ" ಅಂತ ಮಗ್ದಿಯನ್ನು ತೋರಿಸಿದ.

ಮನೆಯೆಲ್ಲ ನಕ್ಕಿತು. ನಶ್ವಾ ಕೂಡ ಪಕ್ಕದ ಕೋಣೆಯಲ್ಲಿ ನಕ್ಕಳು. ತನ್ನ ಮದುವೆಯಲ್ಲಿ ಮದುಮಗ ಬಾಯಿ ಬಿಡುವಂತಿಲ್ಲ ಎಂಬುದು ಆ ದಿನಕ್ಕೆ ತಮಾಷೆಯಾಗಿತ್ತು.

ಸಾಲಲ್ಲಿ ಚಪ್ಪಲಿ ಇಟ್ಟದ್ದಾಯಿತು. ಸಾಲು ಅಲುಗಲಿಲ್ಲ. ಕಾಯುವ ಸುಖವೂ ಮೊದಮೊದಲು ಇರುತ್ತದೆ. ನಬವಿಯಾ ಬಳುವಳಿ ಸೇರಿಸತೊಡಗಿದಳು. ಮಗಳು ಕಡಲಾಚೆ ಹೋಗುವವಳು, ಫ್ರಿಜ್ಜು ಹೊತ್ತುಕೊಂಡು ಹೋಗಲಾರಳು ಎಂದು ಗೊತ್ತಿದ್ದರೂ ಫ್ರಿಜ್ಜು ತಂದಳು, ಬಟ್ಟೆ ಒಗೆಯುವ ಮಿಶನ್ನು ತಂದಳು, ರಜಾಯಿ, ತಾಮ್ರದ ಪಾತ್ರೆ, ಹನ್ನೆರಡು ಜನರಿಗಾಗುವ ಪಿಂಗಾಣಿ ತಟ್ಟೆ. "ಬಳುವಳಿ ಇಲ್ದೆ ಹೋದ್ಲು ಅಂತ ನನ್ನ ಗೋರಿ ಮೇಲೆ ನಿಂತು ಆಡ್ಕೋತಾರೆ" ಎಂಬುದು ಅವಳ ವಾದ. ಮಹಡಿಯ ಒಂದು ಕೋಣೆ ರಟ್ಟಿನ ಡಬ್ಬಿಗಳಿಂದ ತುಂಬಿತು. ಶಹಾತಾ ಮತ್ತು ಮಗ್ದಿ ಸೇರಿ ಮದುಮಕ್ಕಳು ಕೂರುವ ಜೋಡಿ ಸೋಫಾ ಮಾಡಿದರು. ಬೆನ್ನಿನ ಮೇಲೆ ಮಗ್ದಿ ದ್ರಾಕ್ಷಿ ಗೊಂಚಲು ಕೆತ್ತಿದ, ನಶ್ವಾ ತಾನೇ ಅದಕ್ಕೆ ಕೆನೆಬಣ್ಣದ ಬಟ್ಟೆ ಹೊಲಿದಳು.

ಕಡೆಗೆ ಹೈಸಮ್‌ಗೆ ಊರಿಗೆ ಹೋಗಿಬರುವ ಕಾಗದ ಸಿಕ್ಕಿತು. ಹೆಂಡತಿಯ ವೀಸಾ ಇನ್ನೂ ಬಾರದಿದ್ದರೂ ದಿಬ್ಬಣವಾದರೂ ಮುಗಿಯಲಿ ಎಂದು ಒಂದು ವಾರದ ರಜೆ ಹಾಕಿ ಬಂದಿಳಿದ. ಛತ್ರ ಗೊತ್ತಾಗಿತ್ತು, ಊರೆಲ್ಲ ಕರೆದಾಗಿತ್ತು, ಬಾತುಕೋಳಿಗಳ ಹೊಟ್ಟೆಗೆ ತುಂಬಲು ಈರುಳ್ಳಿ ಹೆಚ್ಚುತ್ತ ಹೆಂಗಸರು ಅಳುತ್ತಿದ್ದರು. ಆ ಈರುಳ್ಳಿಯ ಅಳುವಿನ ನಡುವೆ ಎದುರು ಬಾಗಿಲಿನಿಂದ ನಿಜವಾದ ಅಳು ಕೇಳಿಸಿತು. ಎದುರು ಮನೆಯ ಹುಡುಗ ರಿದಾನ ಅಪ್ಪ ನಮಾಜಿಗೆಂದು ಕೈಕಾಲು ತೊಳೆಯಲು ಹೋದವನು ನಲ್ಲಿಯ ಪಕ್ಕದಲ್ಲೇ ಕುಸಿದು ತೀರಿಕೊಂಡಿದ್ದ.

ಎರಡು ಮನೆಗೂ ಒಂದೇ ಮೆಟ್ಟಿಲು. ಆ ಮೆಟ್ಟಿಲಲ್ಲಿ ಹೆಣ ಇಳಿದ ವಾರವೇ ಮದುಮಗಳು ಡೋಲು ಬಡಿಸಿಕೊಂಡು ಇಳಿಯುವುದುಂಟೇ. ಸಾವಿನ ನಲವತ್ತು ದಿನ ಕಳೆಯುವವರೆಗೆ ಆ ಬೀದಿಯಲ್ಲಿ ರೇಡಿಯೋ ಕೂಡ ಜೋರಾಗಿ ಹಾಡುವುದಿಲ್ಲ. ನಬವಿಯಾ ಬಾತುಕೋಳಿಗಳನ್ನೆಲ್ಲ ಎದುರು ಮನೆಗೆ, ಸಾವಿಗೆ ಬಂದವರ ಊಟಕ್ಕೆ ಕೊಟ್ಟಳು.

ರಿದಾನ ಅಮ್ಮ ಕಪ್ಪು ಬಟ್ಟೆಯಲ್ಲಿ ಕೂತು ಅವಳ ಕೈ ಹಿಡಿದು ಹೇಳಿದಳು. "ಮಾಡ್ಕೊಳ್ಳೇ ನಬವಿಯಾ. ನಾನು ಬಾಗ್ಲು ಹಾಕ್ಕೊಂಡಿರ್ತೀನಿ."

"ನೀನು ಬಾಗ್ಲು ಹಾಕ್ಕೊಂಡ್ರೆ ನನ್ನ ಮಗಳ ದಿಬ್ಬಣಕ್ಕೆ ಯಾರೇ ಲುಲುಲು ಅಂತ ಹರಸಿ ಕೂಗೋರು?" ಅಂದಳು ನಬವಿಯಾ. ಮಾತು ಅಲ್ಲಿಗೆ ಮುಗಿಯಿತು.

ಹೈಸಮ್ ಮಾವನ ಹತ್ತಿರ ಮೆಲ್ಲಗೆ ಹೇಳಿ ನೋಡಿದ. "ಮಾಮ, ನಿಕಾಹ್ ಅಂತೂ ಆಗಿದೆ. ಅವಳು ನನ್ನ ಹೆಂಡ್ತಿ ತಾನೆ?"

"ದೇವರ ಮುಂದೆ ನಿನ್ನ ಹೆಂಡ್ತಿ, ಇಲ್ಲ ಅನ್ನಲ್ಲ. ಬೀದಿ ಮುಂದೆ ಇನ್ನೂ ನನ್ನ ಮಗಳು."

ಹಾಗಾಗಿ ಆ ವಾರವಿಡೀ ಗಂಡ ಹೆಂಡತಿ ಹಜಾರದ ಸೋಫಾದ ಎರಡು ತುದಿಯಲ್ಲಿ ಕೂತರು. ನಡುವೆ ಶಹಾತಾನ ಅಕ್ಕ ದಲಾಲ್ ಅತ್ತೆ, ಮಡಿಲಲ್ಲಿ ಕುಂಬಳಬೀಜದ ಪೊಟ್ಟಣ. "ಮಾತಾಡಿ, ಮಾತಾಡಿ, ನಂಗೆ ಕಿವಿ ಮಂದ" ಅನ್ನುವಳು. ಹೈಸಮ್ ಅಲ್ಲಿ ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಬೀಳುತ್ತೆ ಅಂದರೆ, "ಹೋದ ವರ್ಷ ಫೋನಲ್ಲಿ ಸೊಂಟದುದ್ದ ಅಂದಿದ್ದೆ" ಅನ್ನುವಳು. ವಾರ ಮುಗಿಯಿತು. ಹೊರಡುವಾಗ ಹೈಸಮ್ ದಲಾಲ್ ಅತ್ತೆಯ ಕೈಗೆ ಮುತ್ತಿಟ್ಟ. ಹೆಂಡತಿಗೆ ತಲೆಯಾಡಿಸಿದ.

ಆಮೇಲೆ ಕಾಯುವುದರ ರುಚಿ ಬದಲಾಯಿತು. ಅಂಗಡಿಗೆ ಬಂದವರೆಲ್ಲ "ಇನ್ನೂ ಹೋಗಿಲ್ವಾ?" ಅನ್ನುವರು. ಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಅಪ್ಪನನ್ನು ನೋಡಿ ಕಲಿತು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕೂರುವುದನ್ನು ರೂಢಿ ಮಾಡಿಕೊಂಡಳು. ಅವಳು ಬೆಳಗಿನ ಚಹಾ ಕುಡಿಯುವಾಗ ಅವನು ಕಣ್ಣು ಎಳೆಯುತ್ತ ಮಲಗಲು ಹೊರಟಿರುತ್ತಿದ್ದ. ಅವನು ಕೆಲಸಕ್ಕೆ ಹೊರಡುವಾಗ ಅವಳ ಬೆನ್ನು ಮಿಶನ್ನಿನ ಮುಂದೆ ಬಗ್ಗಿ ಬಗ್ಗಿ ಹಲಗೆಯಾಗಿರುತ್ತಿತ್ತು. ಆಡುವ ಮಾತೆಲ್ಲ ಸವೆದು "ಊಟ ಆಯ್ತಾ", "ಆಯ್ತು", "ಕಾಗದ ಬಂತಾ", "ಇಲ್ಲ" ಎಂಬಲ್ಲಿಗೆ ಬಂದು ನಿಂತಿತು. ಒಮ್ಮೊಮ್ಮೆ ಫೋನನ್ನು ಒರಗಿಸಿ ಇಬ್ಬರೂ ಸುಮ್ಮನೆ ತಂತಮ್ಮ ಕೆಲಸ ಮಾಡುವರು. ಆಗ ಮಾತ್ರ ಅವಳಿಗೆ ಒಂದಿಷ್ಟು ಹಾಯೆನಿಸುತ್ತಿತ್ತು.

ಬಳುವಳಿಯ ಕೋಣೆಯೂ ಸವೆಯತೊಡಗಿತು. ಮನೆಯ ಫ್ರಿಜ್ಜು ಕೆಟ್ಟ ಬೇಸಿಗೆಯಲ್ಲಿ "ಒಂದೇ ವಾರಕ್ಕೆ" ಅಂತ ಹೊಸದನ್ನು ಬಿಚ್ಚಿದರು. ಅದು ಹಾಗೆಯೇ ಉಳಿದು ನಬವಿಯಾ ಉಪ್ಪಿನಲ್ಲಿ ನೆನೆಹಾಕಿದ ಹಳೇ ಗಿಣ್ಣಿನ ಜಾಡಿಗಳಿಗೆ ಮನೆಯಾಯಿತು. ಚಳಿಗೆ ದಲಾಲ್ ಅತ್ತೆ ಒಂದು ರಜಾಯಿ ಹೊದ್ದಳು. ರಿದಾನ ಮದುವೆಗೆ ಪಿಂಗಾಣಿ ತಟ್ಟೆ ಎರವಲು ಹೋಗಿ ಹನ್ನೊಂದಾಗಿ ಬಂತು.

ಅಂತೂ ಒಂದು ದಿನ ಕೈರೋದ ರಾಯಭಾರ ಕಚೇರಿಯಿಂದ ಸಂದರ್ಶನಕ್ಕೆ ಕರೆ ಬಂತು. ಅಪ್ಪ ಮಗಳು ನಸುಕಿಗೇ ಹೊರಟು ಮಿನಿಬಸ್ಸಿನಲ್ಲಿ ಒಬ್ಬರ ಭುಜಕ್ಕೊಬ್ಬರು ತೂಕಡಿಸುತ್ತ ಹೋದರು. ಅಪ್ಪನನ್ನು ಗೇಟಿನಲ್ಲೇ ನಿಲ್ಲಿಸಿದರು. ಒಳಗೆ ಗಾಜಿನ ಆಚೆ ಒಬ್ಬ ಅಧಿಕಾರಿಣಿ, ಪಕ್ಕದಲ್ಲಿ ಮಾತು ತಿರುಗಿಸಿ ಹೇಳುವ ಈಜಿಪ್ಟಿನ ಹೆಂಗಸು. ಅಧಿಕಾರಿಣಿ ಒಳ್ಳೆಯವಳೇ, ನಗುನಗುತ್ತ ಕೇಳಿದಳು. ಗಂಡನ ಹೆಸರು, ಅವನ ಕೆಲಸ, ಪರಿಚಯ ಹೇಗಾಯಿತು. ನಶ್ವಾ ಕುರ್ಚಿಯ ಮೂಲೆಯ ಕತೆ ಹೇಳಿದಳು. ಇಬ್ಬರೂ ನಕ್ಕರು.

"ನಿಕಾಹ್ ದಿನ ನಿಮ್ಮ ಗಂಡ ಇಲ್ಲಿರಲಿಲ್ಲ, ಅವರ ಅಣ್ಣ ನಿಂತಿದ್ದರು, ಅಲ್ವಾ?"

"ಹೌದು."

"ಅದಾದ ಮೇಲೆ ನೀವಿಬ್ಬರೂ ಗಂಡ ಹೆಂಡತಿಯಾಗಿ ಒಟ್ಟಿಗೆ ಇದ್ದಿರಾ?"

ನಶ್ವಾಳ ಕಿವಿ ಬಿಸಿಯಾಯಿತು. ಇವರು ತನ್ನನ್ನು ಏನೆಂದುಕೊಂಡಿದ್ದಾರೆ. ನೆಟ್ಟಗೆ ಕೂತು, ದನಿ ಗಟ್ಟಿ ಮಾಡಿ ಹೇಳಿದಳು. "ಇಲ್ಲಮ್ಮ. ನಾವು ಮರ್ಯಾದಸ್ಥರ ಮನೆಯವರು. ಅವರು ಬಂದಾಗ ಇಡೀ ವಾರ ನಮ್ಮ ದಲಾಲ್ ಅತ್ತೆ ನಡುವೆ ಕೂತಿದ್ರು. ದಿಬ್ಬಣ ಆಗೋ ಮುಂಚೆ ನನ್ನ ಕೈ ಸಹ ಮುಟ್ಟಿಲ್ಲ. ಬೇಕಾದ್ರೆ ನಮ್ಮ ಬೀದಿಯಲ್ಲಿ ಯಾರನ್ನಾದ್ರೂ ಕೇಳಿ."

ಮಾತು ತಿರುಗಿಸುವ ಹೆಂಗಸು ಅದನ್ನು ತಿರುಗಿಸದೆ ಗಾಜಿನ ಹತ್ತಿರ ಬಗ್ಗಿದಳು. "ಒಂದ್ಸಲ ಯೋಚನೆ ಮಾಡಿ ಹೇಳ್ತೀಯಾ ಮಗಳೇ?" ಅಂತ ಮೆತ್ತಗೆ ಕೇಳಿದಳು.

"ಇದರಲ್ಲಿ ಯೋಚನೆ ಮಾಡೋದೇನಿದೆ?"

ಹೆಂಗಸು ಉಸಿರೆಳೆದು ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿಣಿಯ ಪೆನ್ನು ನಿಂತಿತು.

ಹೊರಗೆ ಅಪ್ಪ ಕಾದಿದ್ದ. ಇಬ್ಬರೂ ಗೋಡೆಗೆ ಒರಗಿ ಬಿಸಿ ಕಾಳು ತುಂಬಿದ ರೊಟ್ಟಿ ತಿಂದರು.

"ಏನು ಕೇಳಿದ್ರು?"

"ನಮ್ಮ ಮರ್ಯಾದೆ ಎಷ್ಟು ಅಂತ ಕೇಳಿದ್ರು, ಹೇಳ್ದೆ."

ಶಹಾತಾ ಸಂತೋಷಪಟ್ಟು ಅವಳಿಗೆ ಇನ್ನೊಂದು ರೊಟ್ಟಿ ಕೊಡಿಸಿದ.

ಉತ್ತರ ಮೊದಲು ಹೋದದ್ದು ಹೈಸಮ್‌ಗೆ. ಆ ದೇಶದ ಕಾನೂನಿನಲ್ಲಿ ಗಂಡನ ಬದಲಿಗೆ ಇನ್ನೊಬ್ಬ ನಿಂತು ಆದ ಮದುವೆ, ಆಮೇಲೆ ಗಂಡ ಹೆಂಡತಿ ಕೂಡಿ ಬಾಳದಿದ್ದರೆ, ಮದುವೆಯ ಲೆಕ್ಕಕ್ಕೇ ಬರುವುದಿಲ್ಲವಂತೆ. ಅರ್ಜಿ ವಾಪಸ್ಸು. ಮೊದಲು ಪ್ರಸ್ತ ಆಗಬೇಕು, ಆಮೇಲೆ ಹೊಸ ಅರ್ಜಿ, ಸಾಲಿನ ಬಾಲದಿಂದ.

ಈಗ ಈ ಮಾತನ್ನು ಮಾವನಿಗೆ ಹೇಳುವವರು ಯಾರು? ಹೈಸಮ್ ಅಣ್ಣನಿಗೆ ಹೇಳಿದ. ಮಗ್ದಿ ಶಹಾತಾನ ಅಂಗಡಿಗೆ ಬಂದು, ಎರಡು ಸಲ ಚಹಾ ಕುಡಿದು, ಒಂದು ಕುರ್ಚಿಯ ಕಾಲನ್ನು ಹೊಗಳಿ, ನೆಲ ನೋಡುತ್ತ ಹೇಳಿದ. ಶಹಾತಾ ಕೇಳಿಸಿಕೊಂಡು, ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡ. ಸಂಜೆಯವರೆಗೂ ಬಾಯಿ ಖಾಲಿ ಮಾಡಲಿಲ್ಲ. ಮೇಲೆ ಬಂದ ಮೇಲೆ ನಬವಿಯಾ "ಮಗ್ದಿ ಯಾಕೆ ಬಂದಿದ್ದ?" ಅಂದರೆ ಬಾಯ್ತುಂಬ ರೊಟ್ಟಿ ತುರುಕಿಕೊಂಡ.

ಹೇಳಿದವಳು ಕಡೆಗೆ ನಶ್ವಾ. ಹೈಸಮ್ ಫೋನಿನಲ್ಲಿ ತಡವರಿಸಿ ತಡವರಿಸಿ ಅವಳಿಗೆ ಹೇಳಿದ್ದ. ಬೈಯಲೂ ಇಲ್ಲ. "ನಂಗೆ ಮೊದಲೇ ಗೊತ್ತಿದ್ರೆ ನಿಂಗೆ ಹೇಳಿರ್ತಿದ್ದೆ. ನಂಗೂ ಗೊತ್ತಿರ್ಲಿಲ್ಲ" ಅಂದಿದ್ದನಷ್ಟೆ. ಪಾತ್ರೆ ತೊಳೆಯುತ್ತಿದ್ದ ಅಮ್ಮನ ಬೆನ್ನಿಗೆ ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ನಬವಿಯಾ ಬಹಳ ಹೊತ್ತು ಅದೇ ಪಾತ್ರೆ ತಿಕ್ಕಿದಳು. "ಮಾನ ಕಾಪಾಡ್ಕೊಂಡಿದ್ದಕ್ಕೆ ದಂಡವೇನೇ?"

"ಅವರ ಲೆಕ್ಕ ಬೇರೆ ಅಮ್ಮ."

"ಹಾಗಾದ್ರೆ ಅವನು ಬರ್ಲಿ. ಛತ್ರ ಹಿಡಿಯೋಣ. ಎರಡು ಡೋಲು ಜಾಸ್ತಿ ಬಾರಿಸೋಣ."

ನಶ್ವಾ ಅಡುಗೆಮನೆಯ ನೆಲದ ಮೇಲೇ ಕೂತಳು. "ಬೇಡಮ್ಮ. ಇನ್ನೊಂದ್ಸಲ ಊರೆಲ್ಲ ಕರೆದು, ಇನ್ನೊಂದ್ಸಲ ಏನೋ ಆಗಿ, ಇನ್ನೊಂದ್ಸಲ ಮನೆಮನೆಗೆ ಹೋಗಿ ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ. ಆ ಸೋಫಾನೂ ಮಾರಿಬಿಡಿ. ಅದರ ಮೇಲಿನ ಧೂಳು ಒರೆಸಿ ಒರೆಸಿ ಸಾಕಾಗಿದೆ."

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಬವಿಯಾ ಬೈದು ಸಮಾಧಾನ ಮಾಡುತ್ತಿದ್ದಳು. ಆ ಒಣ ದನಿ ಕೇಳಿ ಅವಳಿಗೆ ಹೆದರಿಕೆಯಾಯಿತು. ಹುಡುಗಿ ಇನ್ನೊಂದಿಷ್ಟು ದಣಿದರೆ "ನಂಗೆ ಈ ಮದುವೆಯೇ ಬೇಡ" ಅನ್ನುವಳು, ಆಮೇಲೆ ನಿಕಾಹ್ ಮುರಿದವಳೆಂಬ ಹೆಸರು ಹೊತ್ತು ಆ ಮಿಶನ್ನಿನ ಮುಂದೆಯೇ ಮುದುಕಿಯಾಗುವಳು. ಅಷ್ಟು ದೂರದವರೆಗೂ ಅಮ್ಮನ ಕಣ್ಣಿಗೆ ಕಂಡಿತು.

"ಸರಿ. ಛತ್ರ ಬೇಡ" ಅಂದಳು. "ಆದರೆ ಬೀದಿ ನೋಡ್ಬೇಕು. ಬೀದಿ ನೋಡದ ಮದುವೆಗೆ ನಾನು ಒಪ್ಪಲ್ಲ."

ಸೋಫಾ ಮನ್ಸೂರಾದ ಒಬ್ಬ ಗಿರಾಕಿಯ ಮಗಳ ಮದುವೆಗೆ ಹೋಯಿತು. ಹೈಸಮ್ ಚಳಿಗಾಲದಲ್ಲಿ ಮತ್ತೊಂದು ವಾರದ ರಜೆ ಹೊಂದಿಸಿಕೊಂಡು ಬಂದ. ಮಗ್ದಿಯ ಗೆಳೆಯನದೊಂದು ಬೇಸಿಗೆ ಮನೆ ರಾಸಲ್‌ಬರ್‌ನ ಕಡಲ ದಡದಲ್ಲಿತ್ತು. ಚಳಿಗಾಲದಲ್ಲಿ ಅಲ್ಲಿ ಗಾಳಿ ಬಿಟ್ಟರೆ ಬೇರೆ ಬಾಡಿಗೆದಾರರಿಲ್ಲ. ಅದರ ಬೀಗದ ಕೈ ಸಿಕ್ಕಿತು.

ಆಗ ನಬವಿಯಾ ತನ್ನ ಆಟ ಹೂಡಿದಳು. ದುಮ್ಯಾತಿನಲ್ಲಿ ಮದುಮಗಳಿಗಿಂತ ಮೊದಲು ಬಳುವಳಿ ಹೊರಡುತ್ತದೆ. ಲಾರಿಯ ಮೇಲೆ, ಡಬ್ಬಿ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ. ಎರಡು ಸಣ್ಣ ಲಾರಿ ಬಂದು ಅಂಗಡಿ ಮುಂದೆ ನಿಂತವು. ಫ್ರಿಜ್ಜಿನೊಳಗಿನ ಗಿಣ್ಣಿನ ಜಾಡಿಗಳನ್ನು ಹೊರಗಿಟ್ಟು, ನಿಂಬೆಹಣ್ಣು ಹಚ್ಚಿ ತಿಕ್ಕಿದರೂ ವಾಸನೆ ಹೋಗಲಿಲ್ಲ. ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿ ಬಿಗಿದರು. ದಲಾಲ್ ಅತ್ತೆಯ ಮೈಮೇಲಿಂದ ರಜಾಯಿ ವಾಪಸ್ಸು ಬಂತು. ಹನ್ನೊಂದು ತಟ್ಟೆ ಎಣಿಸಿದವರಿಗೆ ಹನ್ನೆರಡಾಗಿ ಕಾಣುವಂತೆ ಜೋಡಿಸಿದರು. ಒಗೆಯುವ ಮಿಶನ್ನಿನ ಪಕ್ಕದಲ್ಲಿ ಡೋಲಿನವನು ಕೂತ. ಲಾರಿಗಳು ಹಾರ್ನು ಹೊಡೆಯುತ್ತ ಬೀದಿಯ ಆ ತುದಿಯಿಂದ ಈ ತುದಿಗೆ ಬಂದವು.

ಬೀದಿ ಮೊದಲು ಸುಮ್ಮನೆ ನೋಡಿತು. ಛತ್ರವಿಲ್ಲ, ಊಟವಿಲ್ಲ, ಇದೆಂಥ ಮದುವೆ ಎಂದು ಕಿಟಕಿಗಳು ಪಿಸುಗುಟ್ಟತೊಡಗಿದವು. ನಶ್ವಾ ಮೆಟ್ಟಿಲಿಳಿದು ಬಂದು ಆ ಪಿಸುಮಾತಿನ ನಡುವೆ ನಿಂತಳು. ತಲೆ ಎತ್ತಲೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ತಲೆಯ ಮೇಲೆ, ಎದುರು ಮನೆಯ ಕಿಟಕಿಯಿಂದ, ನಾಲಿಗೆ ಹೊರಳಿಸಿದ ಉದ್ದನೆಯ ಲುಲುಲು ಕೇಳಿಸಿತು. ನೋಡಿದರೆ ರಿದಾನ ಅಮ್ಮ. ಗಂಡ ಸತ್ತಂದಿನಿಂದ ಕಪ್ಪು ಬಿಡದವಳು, ಯಾರ ಮದುವೆಗೂ ಬಾಯಿ ತೆರೆಯದವಳು. ಅವಳು ಕೂಗಿದ ಮೇಲೆ ಉಳಿದವರು ಸುಮ್ಮನಿರುವುದು ಹೇಗೆ. ಕಿಟಕಿಯಿಂದ ಕಿಟಕಿಗೆ ಕೂಗು ಹರಡಿ, ದೃಷ್ಟಿಯಾಗದಿರಲೆಂದು ಉಪ್ಪು ಎರಚಿ, ಬೀದಿ ಒಪ್ಪಿಕೊಂಡಿತು.

"ಬಾತುಕೋಳಿ ಸಾಲ ತೀರ್ತು ಕಣೇ ನಬವಿಯಾ" ಅಂತ ಮೇಲಿಂದ ರಿದಾನ ಅಮ್ಮ ಕೂಗಿ ಹೇಳಿದಳು.

ರಾಸಲ್‌ಬರ್‌ನ ಮನೆಯಲ್ಲಿ ಬೇಸಿಗೆಯ ಮರಳು ಇನ್ನೂ ಮೂಲೆಯಲ್ಲಿತ್ತು. ಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿತ್ತು. ಎಲ್ಲರೂ ಹೋದ ಮೇಲೆ ಇಬ್ಬರೂ ಮೇಜಿನ ಎರಡು ಕಡೆ ಕೂತರು. ನಡುವೆ ಅತ್ತೆ ಇರಲಿಲ್ಲ. ಇಲ್ಲದ್ದೇ ತೊಂದರೆಯಾಯಿತು. ನಬವಿಯಾ ಕಟ್ಟಿಕೊಟ್ಟಿದ್ದ ಬಾತುಕೋಳಿಯನ್ನು ಹೈಸಮ್ ಎರಡು ತುತ್ತು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದೇ ನಿದ್ದೆ ಹೋದ. ಪ್ರಯಾಣದ ದಣಿವು. ನಶ್ವಾ ಅವನ ಕೈಯಿಂದ ಮೂಳೆ ಬಿಡಿಸಿಟ್ಟು ನೋಡಿದಳು. ಫೋನಿನಲ್ಲಿ ಕಾಣದ ನರೆ ಕಿವಿಯ ಹಿಂದೆ ಇತ್ತು. ತನ್ನ ಹಾಗೆಯೇ ಅವನ ಬಲಗೈ ಹೆಬ್ಬೆರಳೂ ದಾರ ಎಳೆದು ಎಳೆದು ಗಟ್ಟಿಯಾಗಿತ್ತು. ಅವನ ಮೇಲೆ ರಜಾಯಿ ಹೊದಿಸಿ ತಾನೂ ಅದೇ ಮೇಜಿಗೆ ತಲೆ ಇಟ್ಟಳು.

ಎಚ್ಚರವಾದಾಗ ಬೆಳಕಾಗಿತ್ತು. ಹೈಸಮ್ ಚಹಾ ಮಾಡಿ ತಂದು ಎದುರಿಗೆ ಕೂತು ಅವಳ ಕೈಯನ್ನೇ ನೋಡುತ್ತಿದ್ದ.

"ಏನು ನೋಡ್ತಿದ್ದೀರಾ?"

"ಈ ಬೆರಳು ನಂಗೆ ಚೆನ್ನಾಗಿ ಪರಿಚಯ. ಮುಖಾನೇ ಹೊಸದು."

ಅವಳಿಗೆ ನಗು ಬಂತು. ಮುಚ್ಚಿಕೊಳ್ಳಲು ಕೈ ಎತ್ತಿದಳು. ಆ ಕೈಯನ್ನು ಅವನು ಹಿಡಿದುಕೊಂಡ. ಉಳಿದದ್ದು ಗಾಳಿಗೆ ಗೊತ್ತು, ನಮಗೇಕೆ. ಸಂಜೆಗೆ ಇಬ್ಬರೂ ನೈಲ್ ಹೋಗಿ ಕಡಲಿಗೆ ಬೀಳುವ ಕಲ್ಲಿನ ತುದಿಯವರೆಗೆ ನಡೆಯುವರು. ಅಲ್ಲಿ ಮೀನು ಹಿಡಿಯುವ ಮುದುಕನ ಕೈಗೆ ಫೋನು ಕೊಟ್ಟು ದಿನಕ್ಕೊಂದು ಫೋಟೋ ತೆಗೆಸಿಕೊಳ್ಳುವರು. ಪ್ರತಿ ದಿನ ಬೇರೆ ಬಟ್ಟೆ. ಅರ್ಜಿಗೆ ಬೇಕಲ್ಲ.

"ಸ್ವಲ್ಪ ನಗಮ್ಮಾ" ಅನ್ನುವನು ಮುದುಕ.

"ನಕ್ಕಿದ್ದೀನಲ್ಲ."

"ಸರ್ಕಾರಕ್ಕೆ ನಕ್ಕ ಹಾಗಿದೆ. ಗಂಡನಿಗೆ ನಗು."

ಶುಕ್ರವಾರ ಮಧ್ಯಾಹ್ನ, ಬೀದಿಯ ಗಂಡಸರೆಲ್ಲ ನಮಾಜಿಗೆ, ಹೆಂಗಸರೆಲ್ಲ ಒಲೆಯ ಮುಂದೆ ಇರುವ ಹೊತ್ತು ನೋಡಿ ಬಳುವಳಿಯ ಲಾರಿಗಳು ವಾಪಸ್ಸು ಬಂದವು. ಹಾರ್ನಿಲ್ಲ, ಡೋಲಿಲ್ಲ, ಮೇಲೆ ತಾಡಪಾಲು. ಹೈಸಮ್‌ನನ್ನು ವಿಮಾನಕ್ಕೆ ಬಿಟ್ಟು ಬಂದ ನಶ್ವಾ ಮುಂದಿನ ಸೀಟಿನಲ್ಲಿದ್ದಳು. ಬೀದಿ ನೋಡಲಿಲ್ಲ. ರಿದಾನ ಅಮ್ಮ ನೋಡಿದಳು.

"ಫ್ರಿಜ್ಜು ಯಾಕೇ ವಾಪಸ್ ಬಂತು?"

"ರಿಪೇರಿಗೆ" ಅಂದಳು ನಶ್ವಾ.

"ಮತ್ತೆ ನೀನು?"

"ನಾನೂ ಅದಕ್ಕೇ."

ರಿದಾನ ಅಮ್ಮ ಇಳಿದು ಬಂದು ಫ್ರಿಜ್ಜಿನ ಒಂದು ಮೂಲೆಗೆ ಕೈ ಕೊಟ್ಟಳು. ಗಿಣ್ಣಿನ ಜಾಡಿಗಳು ತಮ್ಮ ಮನೆ ಸೇರಿಕೊಂಡವು.

ಮತ್ತೆ ಅರ್ಜಿ, ಮತ್ತೆ ಸಾಲು. ಅಷ್ಟರಲ್ಲಿ ಹೈಸಮ್ ಅಲ್ಲಿಯ ಪ್ರಜೆಯಾದ್ದರಿಂದ ಸಾಲು ಸ್ವಲ್ಪ ಗಿಡ್ಡವಾಯಿತು. ಆದರೂ ಎರಡು ರಂಜಾನ್ ಅದರೊಳಗೇ ಕಳೆದವು. ಮತ್ತೆ ಕೈರೋ, ಮತ್ತೆ ಅದೇ ಗಾಜು. ಅಧಿಕಾರಿ ಬೇರೆ, ಮಾತು ತಿರುಗಿಸುವ ಹೆಂಗಸು ಅವಳೇ. ಅದೇ ಪ್ರಶ್ನೆ ಬಂತು. ಉತ್ತರವನ್ನು ನಶ್ವಾ ಮನೆಯಲ್ಲಿ ಎಷ್ಟೋ ಸಲ ಹೇಳಿ ಕಲಿತಿದ್ದಳು. ಹೋದ ಸಲ ಇಲ್ಲ ಅನ್ನಲು ಅಷ್ಟು ಗಟ್ಟಿ ಇದ್ದ ದನಿ ಹೌದು ಅನ್ನಲು ಹೊರಡಲೇ ಇಲ್ಲ. ಫೋಟೋಗಳನ್ನು ಗಾಜಿನ ಕೆಳಗಿನಿಂದ ತಳ್ಳಿ, ತಲೆ ತಗ್ಗಿಸಿ, ತನ್ನ ಹೆಬ್ಬೆರಳು ನೋಡುತ್ತ ಕೂತಳು. ಹೆಂಗಸು ಗಾಜಿನ ಹತ್ತಿರ ಕಿವಿ ತಂದಳು. "ಹ್ಞೂಂ" ಎಂಬಷ್ಟು ಬಂತು. ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ. ಯಾರದೋ ಮದುವೆಯ ಜೋಡಿ ಸೋಫಾ ಅಂಗಡಿಯಲ್ಲಿತ್ತು, ಬೆನ್ನಿಗೆ ಬಟ್ಟೆ ಹಾಕಿತ್ತು, ಕೈಗಳಿಗೆ ಇನ್ನೂ ಇಲ್ಲ. ಅಳತೆ ನೋಡಲು ಕೂತ ನಶ್ವಾ ಅದರ ಮೇಲೇ ಕಾಲು ಮಡಿಸಿ ನಿದ್ದೆ ಹೋಗಿದ್ದಳು. ಗಿರಾಕಿಯ ವಸ್ತುವಿನ ಮೇಲೆ ಕೂತರೆ ಬೈಯುವ ಶಹಾತಾ ಸುಮ್ಮನೆ ಸುತ್ತಿಗೆ ಕೆಳಗಿಟ್ಟು ಹೊರಗೆ ಹೋಗಿದ್ದ.

ಕೊರಿಯರಿನವನು ಬಂದ ಸದ್ದು ಅವಳ ಅರೆನಿದ್ದೆಗೆ ಕೇಳಿಸಿತು. ಅಮ್ಮ ಇಳಿದು ಬಂದದ್ದು, ಸಹಿ ಹಾಕಿದ್ದು, ಲಕೋಟೆ ಹರಿದದ್ದು. ಪಾಸ್‌ಪೋರ್ಟಿನ ಹಾಳೆ ಮಗುಚುವ ಸದ್ದು ವೀಸಾದ ಹಾಳೆಗೆ ಬಂದು ನಿಂತಿತು. 

"ಎಬ್ಬಿಸ್ಲಾ?" ಅಂತ ಬಾಗಿಲಲ್ಲಿ ಅಪ್ಪ ಪಿಸುಗುಟ್ಟಿದ.

"ಬೇಡ. ಇಷ್ಟು ವರ್ಷ ಕಾದವಳು, ಇನ್ನೊಂದು ಗಳಿಗೆ ಮಲಗ್ಲಿ" ಅಂದಳು ಅಮ್ಮ. ಅವಳು ಬಂದು ಸೋಫಾದ ತುದಿಯಲ್ಲಿ ಕೂತದ್ದು ಮೆತ್ತೆಯಲ್ಲಿ ತಿಳಿಯಿತು. ನಶ್ವಾಳ ಪಾದಗಳನ್ನು ಎತ್ತಿ ತನ್ನ ಮಡಿಲಿಗೆ ಇಟ್ಟುಕೊಂಡಳು.

ಕಣ್ಣು ಬಿಟ್ಟರೆ ಹೊರಡಬೇಕು. ನಶ್ವಾ ಕಣ್ಣು ಬಿಡಲಿಲ್ಲ. ಅಮ್ಮನಿಗೆ ಅದು ಗೊತ್ತಿತ್ತೋ ಏನೋ, ಅವಳೂ ಕರೆಯಲಿಲ್ಲ. ಹೊರಗೆ ಯಾರೋ ಕೈಗಾಡಿಯ ಮೇಲೆ ಕುರ್ಚಿಗಳನ್ನು ಕಟ್ಟಿ ಬಿಗಿಯುತ್ತಿದ್ದರು.